ಸಸ್ತಾಪುರ ಬಂಗ್ಲಾದಿಂದ ಗಚ್ಚಿಬೌಲಿಗೆ

ಪೊಲೀಸ್ ನೇಮಕಾತಿಯ ಸುದ್ದಿ ಬಂದರೆ ಸಾಕು, ಹುಮನಾಬಾದಿನ ಥೇರ್ ಮೈದಾನದಲ್ಲೂ ಬಸವಕಲ್ಯಾಣದ ಕೋಟೆ ಸುತ್ತಲಿನ ರಸ್ತೆಗಳಲ್ಲೂ ನಸುಕಿನಿಂದಲೇ ಹುಡುಗರು ಕಾಣತೊಡಗುತ್ತಾರೆ. ಗಂಡುಮಕ್ಕಳಿಗೆ 1600 ಮೀಟರ್, ಆರೂವರೆ ನಿಮಿಷ. ಹೆಣ್ಣುಮಕ್ಕಳಿಗೆ 400 ಮೀಟರ್, ಎರಡು ನಿಮಿಷ. ಒಬ್ಬ ಮೊಬೈಲಿನಲ್ಲಿ ಹೊತ್ತು ಎಣಿಸುತ್ತ ನಿಲ್ಲುತ್ತಾನೆ, ಉಳಿದವರು ಸೀಟಿ ಕೇಳಿದ ಕ್ಷಣಕ್ಕೆ ಮೈಯಲ್ಲಿದ್ದದ್ದನ್ನೆಲ್ಲ ಹಾಕಿ ಓಡುತ್ತಾರೆ. ಓಟ ಮುಗಿದಾಗ ಮೊಣಕಾಲಿಗೆ ಕೈಯೂರಿ ಬಗ್ಗಿ ನಿಲ್ಲದವನು ಪೂರ್ತಿ ದಮ್ಮು ಹಾಕಿಲ್ಲ ಎಂದೇ ಲೆಕ್ಕ. ಆರೂವರೆ ನಿಮಿಷಕ್ಕೆ 1600 ಮೀಟರ್ ಅಂದರೆ ಕಿಲೋಮೀಟರಿಗೆ 4 ನಿಮಿಷ 4 ಸೆಕೆಂಡ್. ಬೀದರ ಜಿಲ್ಲೆಯ ಎಷ್ಟೋ ಮನೆಗಳಿಗೆ ಪಗಾರ ತಂದುಕೊಟ್ಟ ವೇಗ ಅದು. ಅದರ ಬಗ್ಗೆ ನನಗೆ ದೊಡ್ಡ ಗೌರವವಿದೆ.

ಈಗೀಗ ಅದೇ ಮೈದಾನದಲ್ಲಿ ಇನ್ನೊಂದು ಮಾತು ಕೇಳಿಬರುತ್ತಿದೆ. ನೌಕರಿ ಸಿಕ್ಕವರು, ಸಿಗದೆ ವಯಸ್ಸು ಮೀರಿದವರು, ಶಾಲೆಯ ಮಾಸ್ತರರು, ಔಷಧ ಅಂಗಡಿಯವರು, ಸಕ್ಕರೆ ಕಾಯಿಲೆ ಬಂದು ಡಾಕ್ಟರು ‘ನಡೀರಿ’ ಅಂದದ್ದಕ್ಕೆ ನಡೆಯಲು ಹೋಗಿ ಓಟದ ರುಚಿ ಹತ್ತಿಸಿಕೊಂಡವರು, ಇವರೆಲ್ಲ ಮ್ಯಾರಥಾನ್ ಮಾತಾಡುತ್ತಾರೆ. ಬೆಂಗಳೂರು ನಮಗೆ ದೂರ. ನಮ್ಮ ಪಾಲಿಗೆ ಹತ್ತಿರದ ದೊಡ್ಡ ಮ್ಯಾರಥಾನ್ ಹೈದರಾಬಾದಿನದು. ಸಾಮಾನ್ಯವಾಗಿ ಆಗಸ್ಟ್ ತಿಂಗಳ ಕೊನೆಯ ಭಾನುವಾರ, ಇನ್ನೂ ಕತ್ತಲಿರುವಾಗಲೇ ಹುಸೇನ್ ಸಾಗರದ ದಂಡೆಯ ನೆಕ್ಲೇಸ್ ರಸ್ತೆಯಿಂದ ಹೊರಟು ಗಚ್ಚಿಬೌಲಿ ಕ್ರೀಡಾಂಗಣದಲ್ಲಿ ಮುಗಿಯುವ ಓಟ. ಹುಮನಾಬಾದಿನಿಂದ ಅಲ್ಲಿಗೆ ನೂರೈವತ್ತು ಕಿಲೋಮೀಟರಿನ ಆಸುಪಾಸು. ದಾರಿಯೂ ಬೇರೆಯಲ್ಲ, ನಮ್ಮ ಮನೆ ಮುಂದಿನ ಅದೇ 65ನೇ ನಂಬರಿನ ಹೆದ್ದಾರಿ.

ಮ್ಯಾರಥಾನಿನ ದೂರ 42.195 ಕಿಲೋಮೀಟರ್. ಬಸವಕಲ್ಯಾಣದ ಕೋಟೆಯಿಂದ ಹೊರಟು ಸಸ್ತಾಪುರ ಬಂಗ್ಲಾ ದಾಟಿ, ರಾಜೇಶ್ವರದ ಮೇಲಿಂದ ಹುಮನಾಬಾದ್ ಮುಟ್ಟಿದರೆ ಸುಮಾರು ಮೂವತ್ತು. ಅಲ್ಲಿಂದ ತಿರುಗಿ ರಾಜೇಶ್ವರದ ಹತ್ತಿರಕ್ಕೆ ಮತ್ತೆ ಬಂದರೆ ಮ್ಯಾರಥಾನ್. ಬಸ್ಸಿನಲ್ಲಿ ಈ ದಾರಿ ಹೋದವರಿಗೆ ಅದು ಎಷ್ಟು ದೂರ ಎಂದು ಬೇರೆ ಹೇಳಬೇಕಿಲ್ಲ.

1600 ಮೀಟರಿನಲ್ಲಿ ಮೈಗೂಡಿದ ಅಭ್ಯಾಸವೇ ಇಲ್ಲಿ ಅಡ್ಡ ಬರುತ್ತದೆ. ಮೊದಲ ಹತ್ತು ಕಿಲೋಮೀಟರ್ ಎಲ್ಲರನ್ನೂ ಹಿಂದೆ ಹಾಕಿ ಹೋದ ಹುಡುಗ ಮೂವತ್ತರ ಹೊತ್ತಿಗೆ ಡಿವೈಡರ್ ಮೇಲೆ ಕೂತಿರುತ್ತಾನೆ. ಅವನಿಗಿಂತ ಇಪ್ಪತ್ತು ವರ್ಷ ಹಿರಿಯರು ಸಾವಕಾಶವಾಗಿ ಬಂದು ಅವನನ್ನು ದಾಟಿ ಹೋಗುತ್ತಾರೆ. ಅವನಲ್ಲಿ ಶಕ್ತಿಗೆ ಕೊರತೆ ಇರುವುದಿಲ್ಲ, ತಡೆದು ಓಡುವುದನ್ನು ಯಾರೂ ಕಲಿಸಿರುವುದಿಲ್ಲ. ಬೂಟು ಕೊಳ್ಳುವ ಮೊದಲು, ಕಿಲೋಮೀಟರ್ ಕೂಡಿಸುವ ಮೊದಲು ಕಲಿಯಬೇಕಾದದ್ದು ಇದು ಎಂದು ನಾನು ನಂಬಿದ್ದೇನೆ.

ಹಾಗಂತ 4 ನಿಮಿಷದ ವೇಗದಲ್ಲಿ ಮ್ಯಾರಥಾನ್ ಓಡಲಾಗದು ಎಂದಲ್ಲ. ನಮ್ಮ ನಾಡಿನವರೇ ಒಬ್ಬರು ನೂರು ವರ್ಷದ ಹಿಂದೆ ಓಡಿ ತೋರಿಸಿದ್ದಾರೆ. ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ಭಾರತದಿಂದ ಹೋದ ಆರು ಮಂದಿಯ ತಂಡದಲ್ಲಿದ್ದರು. ಆ ಸಲದ ಮ್ಯಾರಥಾನ್ ಇವತ್ತಿನದಕ್ಕಿಂತ ಉದ್ದ, 42.75 ಕಿಲೋಮೀಟರ್. ಚೌಗುಲೆ 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಮುಗಿಸಿ 19ನೆಯವರಾದರು. ಭಾಗಿಸಿ ನೋಡಿದರೆ ಕಿಲೋಮೀಟರಿಗೆ ಹೆಚ್ಚುಕಡಿಮೆ ಸರಿಯಾಗಿ 4 ನಿಮಿಷ. ಥೇರ್ ಮೈದಾನದ ಹುಡುಗ ನಾಲ್ಕು ಸುತ್ತಿಗೆ ಹಿಡಿದಿಡಲು ಹೆಣಗುವ ವೇಗವನ್ನು ಆ ಮನುಷ್ಯ ಸುಮಾರು ಮೂರು ತಾಸು ಹಿಡಿದಿಟ್ಟರು. ಬೆಳಗಾವಿಯ ಆಚೆ ಅವರ ಹೆಸರು ಇಷ್ಟು ಕಡಿಮೆ ಕೇಳಿಬರುವುದು ನನಗೆ ನೋವಿನ ಸಂಗತಿ. ನಮ್ಮ ಶಾಲೆಗಳ ಗೋಡೆಯ ಮೇಲೆ ಇರಬೇಕಾದ ಹೆಸರು ಅದು.

ಆ ತಂಡ ಹುಟ್ಟಿದ್ದರ ಹಿಂದೆ ಬರಿಗಾಲಿನ ಕಥೆಯಿದೆ. 1919ರಲ್ಲಿ ಪುಣೆಯ ಡೆಕ್ಕನ್ ಜಿಮ್‌ಖಾನಾದ ಕ್ರೀಡಾಕೂಟದಲ್ಲಿ ಹಳ್ಳಿಯ ರೈತರು ಬರಿಗಾಲಲ್ಲಿ ಓಡುವುದನ್ನು ದೊರಾಬ್ಜಿ ಟಾಟಾ ಕಂಡರು. ಇವರನ್ನು ಒಲಿಂಪಿಕ್ಸ್‌ಗೆ ಕಳಿಸಬೇಕೆಂಬ ವಿಚಾರ ಅವರಿಗೆ ಬಂದದ್ದು ಅಲ್ಲಿ. ಮುಂದೆ 1960ರಲ್ಲಿ ಇಥಿಯೋಪಿಯಾದ ಅಬೆಬೆ ಬಿಕಿಲಾ ರೋಮ್ ನಗರದ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ಓಡಿ 2 ಗಂಟೆ 15 ನಿಮಿಷ 16 ಸೆಕೆಂಡಿಗೆ ಚಿನ್ನ ಗೆದ್ದರು. ನಾಲ್ಕು ವರ್ಷದ ನಂತರ ಟೋಕಿಯೊದಲ್ಲಿ ಅವರೇ ಬೂಟು ಹಾಕಿಕೊಂಡು 2 ಗಂಟೆ 12 ನಿಮಿಷಕ್ಕೆ ಓಡಿ ಮತ್ತೆ ಗೆದ್ದರು. ಕಾಲು ಗಟ್ಟಿಯಿದ್ದರೆ ಬೂಟು ಸಹಾಯ ಮಾಡುತ್ತದೆ, ಅಷ್ಟೇ. ಅಂಗಡಿಗೆ ಹೋಗುವಾಗ ಇಷ್ಟು ನೆನಪಿದ್ದರೆ ದುಡ್ಡು ಉಳಿಯುತ್ತದೆ.

ಬೂಟು, ಮೋಜಾ, ಮೈಮೇಲಿನ ಬಟ್ಟೆ

2017ರ ಸುಮಾರಿಗೆ ನೈಕಿ ಕಂಪನಿ ಅಟ್ಟೆಯೊಳಗೆ ಕಾರ್ಬನ್ ಪಟ್ಟಿ ಇಟ್ಟ ಬೂಟುಗಳನ್ನು ಮಾರಾಟಕ್ಕೆ ತಂದಿತು. ಪ್ರಯೋಗಾಲಯದ ಪರೀಕ್ಷೆಯಲ್ಲಿ ವೇಗದ ಓಟಗಾರರಿಗೆ ಸರಾಸರಿ ಶೇ 4ರಷ್ಟು ಶಕ್ತಿ ಉಳಿಯಿತು. ಓಟದ ದಾಖಲೆಗಳು ಒಂದರ ಮೇಲೊಂದು ಬಿದ್ದವು, 2020ರಲ್ಲಿ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ಅಟ್ಟೆ 40 ಮಿಲಿಮೀಟರ್ ದಾಟಬಾರದು, ಪಟ್ಟಿ ಒಂದೇ ಇರಬೇಕು ಎಂದು ನಿಯಮ ಮಾಡಿತು. ಇಪ್ಪತ್ತು ಸಾವಿರ ರೂಪಾಯಿಯ ಆ ಬೂಟು ಐದು ತಾಸಿನ ಓಟಗಾರನಿಗೆ ಬೇಕಿಲ್ಲ. ಎತ್ತರದ ಮೆತ್ತನೆ ಅಟ್ಟೆ ದಣಿದ ಪಾದವನ್ನು ಒರಟು ರಸ್ತೆಯಲ್ಲಿ ಹೊರಳಿಸುವ ಭಯವೂ ಇದೆ. ಅದೇ ದುಡ್ಡಿನಲ್ಲಿ ಸಾದಾ ಓಟದ ಬೂಟು ಎರಡು ಜೊತೆ ಬರುತ್ತವೆ. ಮಳೆಗಾಲದಲ್ಲಿ ತಯಾರಿ ಮಾಡುವ ನಮಗೆ ಎರಡು ಜೊತೆ ಇರುವುದೇ ದೊಡ್ಡ ಅನುಕೂಲ.

ಬೂಟನ್ನು ಕಲಬುರಗಿಗೊ, ಸೋಲಾಪುರಕ್ಕೊ, ಹೈದರಾಬಾದಿಗೊ ಹೋದಾಗ ಕಾಲಿಗೆ ಹಾಕಿ ನೋಡಿಯೇ ಕೊಳ್ಳಿ. ಸಂಜೆ ಹೊತ್ತು ಹೋಗಿ, ದಿನವಿಡೀ ತಿರುಗಾಡಿದ ಪಾದ ಆಗ ಸ್ವಲ್ಪ ಊದಿರುತ್ತದೆ. ಮೂವತ್ತು ಕಿಲೋಮೀಟರ್ ಓಡಿದ ಪಾದ ಅದಕ್ಕಿಂತ ಹೆಚ್ಚು ಊದುತ್ತದೆ. ಓಡುವಾಗ ಹಾಕುವ ಮೋಜಾ ಜೊತೆಗೆ ಒಯ್ಯಿರಿ. ನಿಂತಾಗ ಉದ್ದನೆಯ ಬೆರಳಿನ ಮುಂದೆ ಹೆಬ್ಬೆಟ್ಟಿನ ಅಗಲ ಜಾಗ ಇರಬೇಕು, ಹಿಮ್ಮಡಿ ಅಲುಗಬಾರದು. ದಿನನಿತ್ಯದ ಚಪ್ಪಲಿಯ ಸೈಜಿಗಿಂತ ಅರ್ಧ ಸೈಜು ದೊಡ್ಡದು ಹಲವರಿಗೆ ಸರಿಹೋಗುತ್ತದೆ. ಬಿಗಿ ಬೂಟಿನ ಪರಿಣಾಮ ಉಗುರಿನಲ್ಲಿ ಕಾಣುತ್ತದೆ, ಮೊದಲು ಕಪ್ಪಾಗಿ ಆಮೇಲೆ ಕಿತ್ತು ಬರುತ್ತದೆ. ಒಂದು ಜೊತೆ ಬೂಟಿನ ಆಯುಸ್ಸು 500ರಿಂದ 800 ಕಿಲೋಮೀಟರ್. ಮೇಲ್ಭಾಗ ಹೊಸದಾಗಿ ಹೊಳೆಯುತ್ತಿದ್ದರೂ ಒಳಗಿನ ಮೆತ್ತೆ ಸತ್ತಿರುತ್ತದೆ. ಮೊಣಕಾಲು ಯಾವ ಕಾರಣವೂ ಇಲ್ಲದೆ ನೋಯತೊಡಗಿದರೆ ಮೊದಲು ಬೂಟು ಓಡಿದ ಲೆಕ್ಕ ನೋಡಿ. ಓಟದ ದಿನ ಹಾಕುವ ಜೊತೆ ಆವೊತ್ತಿಗೆ 60–80 ಕಿಲೋಮೀಟರ್ ಓಡಿರಬೇಕು. ಹೊಸ ಬೂಟಿನಲ್ಲಿ ಮ್ಯಾರಥಾನ್ ಓಡುವುದು ಬೇಡವೇ ಬೇಡ.

ಹತ್ತಿ ಬನಿಯನ್, ಹತ್ತಿ ಮೋಜಾ ದೈನಂದಿನ ಓಟಕ್ಕೆ ನಡೆದೀತು, ಮ್ಯಾರಥಾನಿಗೆ ಬೇಡ. ಹತ್ತಿ ಬೆವರನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ಒದ್ದೆ ಬಟ್ಟೆ ಚರ್ಮ ಕೆರೆಯುತ್ತದೆ. ಎರಡು ತಾಸಿನ ಓಟದಲ್ಲಿ ಗೊತ್ತಾಗದ ಕೆರೆತ ನಾಲ್ಕನೆಯ ತಾಸಿನಲ್ಲಿ ರಕ್ತ ಬರಿಸುತ್ತದೆ. ತೊಡೆಸಂದಿಗೆ, ಕಂಕುಳಿಗೆ, ಬೆರಳಿನ ನಡುವೆ ವ್ಯಾಸಲೀನ್ ಧಾರಾಳವಾಗಿ ಹಚ್ಚಿ. ಗಂಡಸರು ಎದೆಯ ತೊಟ್ಟಿನ ಮೇಲೆ ಔಷಧ ಅಂಗಡಿಯ ಪಟ್ಟಿ ಅಂಟಿಸಿಕೊಳ್ಳಲಿ. ಇದನ್ನು ಹೇಳಲು ಎಲ್ಲರೂ ಸಂಕೋಚಪಡುತ್ತಾರೆ, ಹೇಳದೇ ಇದ್ದುದರಿಂದ ಎಷ್ಟೋ ಅಂಗಿ ಕೆಂಪಾಗಿವೆ. ಹೆಣ್ಣುಮಕ್ಕಳಿಗೆ ಸರಿಯಾದ ಅಳತೆಯ ಸ್ಪೋರ್ಟ್ಸ್ ಬ್ರಾ ಬೂಟಿನಷ್ಟೇ ಮುಖ್ಯ. ನಮ್ಮ ಊರಿನ ಅಂಗಡಿಗಳಲ್ಲಿ ಆಯ್ಕೆ ಕಡಿಮೆ, ಅದನ್ನೂ ಹಾಕಿ ನೋಡಿಯೇ ಕೊಳ್ಳಬೇಕು.

ನಮ್ಮ ಕಡೆಯ ಓಟಗಾರರಿಗೆ ನಗರದವರಿಗಿಲ್ಲದ ಒಂದು ಖರ್ಚಿದೆ, ಬೆಳಕಿನದು. ಬೆಳಗಿನ ನಾಲ್ಕೂವರೆಗೆ ಹೆದ್ದಾರಿಯ ಪಕ್ಕ ಓಡುವವನು ಲಾರಿ ಡ್ರೈವರನ ಕಣ್ಣಿಗೆ ಬೀಳಲೇಬೇಕು. ಮಿಂಚುವ ಪಟ್ಟಿಯ ಜಾಕೀಟು, ಸೊಂಟಕ್ಕೋ ತೋಳಿಗೋ ಮಿಣುಕುವ ಕೆಂಪು ದೀಪ, ಹಣೆಗೆ ಒಂದು ಟಾರ್ಚ್. ಕೆಲವು ನೂರು ರೂಪಾಯಿಯಲ್ಲಿ ಇವೆಲ್ಲ ಬರುತ್ತವೆ. ಮೊದಲ ದುಡ್ಡು ಇದಕ್ಕೆ ಹೋಗಲಿ, ಉಳಿದರೆ ಕೈಗಡಿಯಾರಕ್ಕೆ. ಎದುರಿನಿಂದ ಬರುವ ವಾಹನ ಕಾಣುವ ಬದಿಯಲ್ಲೇ ಓಡಿ, ಎರಡೂ ಕಿವಿಗೆ ಹಾಡು ಹಾಕಿಕೊಳ್ಳಬೇಡಿ. ಕಬ್ಬು ನುರಿಸುವ ಹಂಗಾಮಿನಲ್ಲಿ ಹಳ್ಳಿಖೇಡದ ಕಡೆ ಹಿಂದೆ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರುಗಳು ಸಾಲುಗಟ್ಟಿ ಹೋಗುತ್ತವೆ, ಅವನ್ನು ಹಿಂದೆ ಹಾಕಲು ಬರುವ ವಾಹನ ರಸ್ತೆಯ ಅಂಚಿಗೇ ಬರುತ್ತದೆ. ಆ ತಿಂಗಳುಗಳಲ್ಲಿ ಹೆದ್ದಾರಿ ಬಿಟ್ಟುಬಿಡುವುದೇ ಲೇಸು.

ಯಾವ ರಸ್ತೆ, ಯಾವ ಹೊತ್ತು

ಹೆದ್ದಾರಿ ಬಿಟ್ಟರೆ ಏನಿದೆ? ಬೇಕಾದಷ್ಟಿದೆ. ಬಸವಕಲ್ಯಾಣದವರಿಗೆ ತ್ರಿಪುರಾಂತ ಕೆರೆಯ ಕಡೆ ಸುತ್ತುಗಳಿವೆ, ನಾರಾಯಣಪುರದ ಚಾಲುಕ್ಯರ ಗುಡಿಯ ತನಕ ಹೋಗಿ ಬರುವ ದಾರಿಯಿದೆ. ಹುಮನಾಬಾದಿನವರು ಮಾಣಿಕನಗರಕ್ಕೆ ಸಣ್ಣ ಓಟ ಮುಗಿಸಬಹುದು. ಭಾನುವಾರದ ಉದ್ದನೆಯ ಓಟಕ್ಕೆ ಜಲಸಂಗಿ ಇದೆ. ಶಾಸನ ಬರೆಯುತ್ತಿರುವ ಶಿಲಾಬಾಲಿಕೆಯಿಂದ ಹೆಸರಾದ ಆ ಗುಡಿ ಹುಮನಾಬಾದಿನಿಂದ ಹತ್ತು ಕಿಲೋಮೀಟರಿನ ಸುಮಾರು. ಹೋಗಿ ಬಂದರೆ ಹಾಫ್ ಮ್ಯಾರಥಾನಿನ ಹತ್ತಿರ. ಹಳ್ಳ ಬಂದಲ್ಲಿ ಇಳಿದು ಮತ್ತೆ ಏರುವ ನಮ್ಮ ರಸ್ತೆಗಳು ಹೈದರಾಬಾದಿನ ಓಟಕ್ಕೆ ಬಹಳ ಒಳ್ಳೆಯ ತಯಾರಿ. ಆ ಓಟದಲ್ಲಿ ಫ್ಲೈಓವರುಗಳ ಮೇಲೆ ಹತ್ತಿ ಇಳಿಯುವುದೇ ದೊಡ್ಡ ಕೆಲಸ, ದೇಶದ ಕಷ್ಟದ ನಗರ ಮ್ಯಾರಥಾನುಗಳಲ್ಲಿ ಅದೂ ಒಂದು ಎನ್ನುವುದು ಓಡಿದವರೆಲ್ಲರ ಮಾತು. ಏರಿನಲ್ಲಿ ವೇಗ ಕಳೆದುಕೊಳ್ಳಲು ಅಂಜಬಾರದು, ಹೆಜ್ಜೆ ಸಣ್ಣದು ಮಾಡಿ ಉಸಿರು ಒಂದೇ ಸಮ ಇಟ್ಟುಕೊಳ್ಳಬೇಕು. ಇಳುಕಲಿನಲ್ಲಿ ಕಳೆದ ಹೊತ್ತನ್ನು ವಸೂಲು ಮಾಡಲು ಹೋದರೆ ತೊಡೆಯ ಮುಂಭಾಗ ಹಾಳಾಗುತ್ತದೆ, ಅದರ ನೋವು ಕೊನೆಯ ಹತ್ತರಲ್ಲಿ ಗೊತ್ತಾಗುತ್ತದೆ.

ಆಗಸ್ಟಿನ ಓಟಕ್ಕೆ ಮೇ ಮೊದಲ ವಾರದಿಂದ ತಯಾರಿ. ನಮ್ಮ ಮೇ ತಿಂಗಳು ನಲವತ್ತು ಡಿಗ್ರಿಯದು, ಓಟ ಆರೂವರೆಗೆ ಮುಗಿಸಿ ಮನೆ ಸೇರಿರಬೇಕು. ಬಿಸಿಲಿಗೆ ಮೈ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಬೇಕು, ಅಲ್ಲಿತನಕ ವೇಗದ ಮಾತು ಬೇಡ. ಜೂನಿನಲ್ಲಿ ಮಳೆ ಬಿದ್ದ ಮೇಲೆ ಎರಿ ಭೂಮಿಯ ಬಂಡಿದಾರಿಗಳನ್ನು ಮರೆತುಬಿಡಿ. ಹತ್ತು ಹೆಜ್ಜೆಗೆ ಬೂಟಿಗೆ ಕಿಲೋ ಮಣ್ಣು ಅಂಟುತ್ತದೆ, ಪಾದ ಒಂದು ಕಡೆ, ಮೊಣಕಾಲು ಒಂದು ಕಡೆ. ಕೆಂಪು ಮೊರಮಿನ ದಾರಿಗಳು ಮಳೆಯಲ್ಲೂ ಓಡಿಸಿಕೊಳ್ಳುತ್ತವೆ. ಒದ್ದೆಯಾದ ಬೂಟನ್ನು ಬಿಸಿಲಿಗಿಡದೆ ಒಳಗೆ ಹಳೆ ಪೇಪರ್ ತುರುಕಿ ನೆರಳಿನಲ್ಲಿಡಿ, ಎರಡು ಸಲ ಪೇಪರ್ ಬದಲಿಸಿದರೆ ಒಣಗುತ್ತದೆ. ಇನ್ನೊಂದು ಸೂಕ್ಷ್ಮವಿದೆ: ಡಾಂಬರು ರಸ್ತೆ ನಡುವೆ ಎತ್ತರ, ಅಂಚಿಗೆ ಇಳಿಜಾರು. ಯಾವಾಗಲೂ ಒಂದೇ ಬದಿಗೆ ಓಡಿದರೆ ಒಂದು ಕಾಲು ಸದಾ ತಗ್ಗಿನಲ್ಲಿ ಬೀಳುತ್ತದೆ, ಸೊಂಟ ಮತ್ತು ಮೊಣಕಾಲಿನ ಹೊರಬದಿ ಹಿಡಿದುಕೊಳ್ಳುತ್ತದೆ. ವಾಹನವಿಲ್ಲದ ಹಳ್ಳಿಯ ರಸ್ತೆ ಸಿಕ್ಕಾಗ ನಟ್ಟನಡುವೆ ಓಡಿ.

ಭಾನುವಾರದ ಓಟ ವಾರಕ್ಕೆ ಎರಡು ಮೂರು ಕಿಲೋಮೀಟರಿನಂತೆ ಬೆಳೆಯಲಿ, ಮೂರು ವಾರಕ್ಕೊಮ್ಮೆ ಇಳಿಯಲಿ. ಆಗಸ್ಟ್ ಮೊದಲ ವಾರ 30–32 ಕಿಲೋಮೀಟರ್ ಒಮ್ಮೆ ಮುಟ್ಟಿದರೆ ಸಾಕು, ಕಲ್ಯಾಣದಿಂದ ಹುಮನಾಬಾದ್. ಅದಾದ ಮೂರು ವಾರ ಇಳಿಮುಖ. ರೈತ ಮನೆತನದವರಿಗೆ ಇಲ್ಲೊಂದು ತೊಡಕಿದೆ. ಹೆಸರು ರಾಶಿ ಬರುವುದೂ ಅದೇ ಆಗಸ್ಟಿನಲ್ಲಿ. ಹೊಲದಲ್ಲಿ ದಿನವಿಡೀ ಬಗ್ಗಿ ಹೆಸರು ಕಿತ್ತವರು ಅವತ್ತಿನ ಓಟ ಬಿಡಬೇಕು. ಹೊಲದ ದುಡಿಮೆಯೂ ಮೈಯ ದುಡಿಮೆಯೇ, ಅದನ್ನು ಲೆಕ್ಕಕ್ಕೆ ಹಿಡಿಯದೆ ನಗರದವರ ಪಟ್ಟಿಯನ್ನು ಹಾಗೇ ಪಾಲಿಸಿದರೆ ಪೆಟ್ಟು ಖಂಡಿತ. ನಲವತ್ತು ದಾಟಿದವರು, ಬಿಪಿ, ಸಕ್ಕರೆ ಇರುವವರು ತಯಾರಿಗೆ ಮೊದಲು ಕಲಬುರಗಿಯ ಜಯದೇವದಲ್ಲೋ ಬೀದರದಲ್ಲೋ ಹೃದಯ ತೋರಿಸಿಕೊಳ್ಳಿ. ಮೊದಲ ವರ್ಷವೇ ಪೂರ್ಣ ಮ್ಯಾರಥಾನಿಗೆ ಹೆಸರು ಕೊಡುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಮೊದಲ ಆಗಸ್ಟಿಗೆ ಹಾಫ್, ಮರುವರ್ಷ ಪೂರ್ತಿ.

ವೇಗದ ಲೆಕ್ಕ

ದೇಹ ತನ್ನ ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟುಕೊಳ್ಳುವ ಸಕ್ಕರೆಯ ರೂಪದ ಇಂಧನ ಸುಮಾರು 2,000 ಕಿಲೋಕ್ಯಾಲರಿ. ಓಟಕ್ಕೆ ಕಿಲೋ ತೂಕಕ್ಕೆ, ಕಿಲೋಮೀಟರಿಗೆ ಹತ್ತಿರಹತ್ತಿರ 1 ಕಿಲೋಕ್ಯಾಲರಿ ಬೇಕು. 60 ಕಿಲೋ ತೂಕದವನಿಗೆ ಮ್ಯಾರಥಾನಿನ ಖರ್ಚು 2,500. ಕೊರತೆಯನ್ನು ಕೊಬ್ಬು ತುಂಬಿಕೊಡಬೇಕು, ಕೊಬ್ಬು ಸಾವಕಾಶ ಉರಿಯುವ ವಸ್ತು. ವೇಗ ಹೆಚ್ಚಿದಷ್ಟೂ ದೇಹ ಕೊಬ್ಬು ಬಿಟ್ಟು ಸಕ್ಕರೆಗೇ ಕೈ ಹಾಕುತ್ತದೆ. ಮೊದಲ ಹತ್ತು ಕಿಲೋಮೀಟರಿನ ಹುರುಪು ತಿಂಗಳ ಮೊದಲ ವಾರವೇ ಪಗಾರ ಖಾಲಿ ಮಾಡಿದಂತೆ. ಮೂವತ್ತು, ಮೂವತ್ತೆರಡರ ಹತ್ತಿರ ಕಾಲು ಸೀಸದಂತೆ ಆಗುವುದು, ತಲೆ ಮಂಕಾಗುವುದು, ಅಳು ಬರುವುದು ಎಲ್ಲ ಇದರಿಂದ. ಮನೋಬಲದ ಭಾಷಣ ಅಲ್ಲಿ ಕೆಲಸಕ್ಕೆ ಬರುವುದಿಲ್ಲ.

ಹಾಗಾದರೆ ನಮ್ಮ ವೇಗ ಯಾವುದು? ಅಮೆರಿಕದ ಎಂಜಿನಿಯರ್ ಪೀಟರ್ ರೀಗಲ್ ಕೊಟ್ಟ ಒಂದು ಸೂತ್ರ ದಶಕಗಳಿಂದ ಬಳಕೆಯಲ್ಲಿದೆ. ಅದರಂತೆ ದೂರ ಇಮ್ಮಡಿಯಾದರೆ ಹೊತ್ತು ಸುಮಾರು 2.085 ಪಟ್ಟಾಗುತ್ತದೆ. ಹಾಫ್ ಮ್ಯಾರಥಾನನ್ನು 2 ಗಂಟೆ 15 ನಿಮಿಷಕ್ಕೆ ಓಡುವವರಿಗೆ ಪೂರ್ಣ ಮ್ಯಾರಥಾನ್ 4 ಗಂಟೆ 41 ನಿಮಿಷ ಎಂದು ಸೂತ್ರ ಹೇಳುತ್ತದೆ. ಮೊದಲ ಸಲ ಓಡುವವರಿಗೆ ಅದು ಬಹಳ ಉದಾರದ ಲೆಕ್ಕ. ಹೈದರಾಬಾದಿನ ಏರು, ಆಗಸ್ಟಿನ ಜಿಗುಟು ಗಾಳಿ ಸೇರಿಸಿದರೆ 5 ಗಂಟೆ ಇಟ್ಟುಕೊಳ್ಳಿ. ಮೋಡ ಮುಚ್ಚಿ ಗಾಳಿಯಲ್ಲಿ ತೇವ ತುಂಬಿದಾಗ ಬೆವರು ಆರುವುದಿಲ್ಲ, ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ.

5 ಗಂಟೆಯ ಓಟಕ್ಕೆ ಸರಾಸರಿ ಕಿಲೋಮೀಟರಿಗೆ 7 ನಿಮಿಷ 6 ಸೆಕೆಂಡ್. ಅದನ್ನು ಹೀಗೆ ಹಂಚಿಕೊಳ್ಳಬಹುದು: ಮೊದಲ 8 ಕಿಲೋಮೀಟರ್ ತಲಾ 7 ನಿಮಿಷ 20 ಸೆಕೆಂಡ್, ಒಟ್ಟು 58 ನಿಮಿಷ 40 ಸೆಕೆಂಡ್. ಮುಂದಿನ 24 ಕಿಲೋಮೀಟರ್ ತಲಾ 7 ನಿಮಿಷ. ಆಗ 32 ಕಿಲೋಮೀಟರಿನ ಫಲಕ ದಾಟುವಾಗ 3 ಗಂಟೆ 46 ನಿಮಿಷ 40 ಸೆಕೆಂಡ್ ಆಗಿರುತ್ತದೆ. ಉಳಿದ 10.195 ಕಿಲೋಮೀಟರಿಗೆ 73 ನಿಮಿಷ 20 ಸೆಕೆಂಡ್ ಕೈಯಲ್ಲಿ ಉಳಿದಿರುತ್ತದೆ, ಅಂದರೆ ಕಿಲೋಮೀಟರಿಗೆ 7 ನಿಮಿಷ 11 ಸೆಕೆಂಡಿನಂತೆ ಓಡಿದರೂ ಆಯಿತು. ಪೊಲೀಸ್ ಪರೀಕ್ಷೆ ಪಾಸಾದ ಹುಡುಗನಿಗೆ 7 ನಿಮಿಷ 20 ಸೆಕೆಂಡ್ ನಡಿಗೆಯಂತೆ ಕಾಣುತ್ತದೆ. ಪಕ್ಕದವನೊಡನೆ ಪೂರ್ತಿ ವಾಕ್ಯ ಮಾತಾಡಲು ಬರಬೇಕು, ಆ ವೇಗ ಸರಿ. ಮಾತು ತುಂಡಾದರೆ ವೇಗ ಹೆಚ್ಚಾಯಿತು. ಇದನ್ನು ರಾಜೇಶ್ವರದ ರಸ್ತೆಯಲ್ಲಿ ಪ್ರತಿ ಭಾನುವಾರ ಅಭ್ಯಾಸ ಮಾಡಿದವನಿಗೆ ಮಾತ್ರ ನೆಕ್ಲೇಸ್ ರಸ್ತೆಯ ಬ್ಯಾಂಡ್‌ಬಾಜಾ, ಕೂಗಾಟದ ನಡುವೆ ತಡೆದುಕೊಳ್ಳಲು ಸಾಧ್ಯ.

ಲೋಕದ ಅತಿ ವೇಗದವರೂ ಹೀಗೇ ಓಡುತ್ತಾರೆ. 2023ರ ಅಕ್ಟೋಬರ್ 8ರಂದು ಶಿಕಾಗೊದಲ್ಲಿ ಕೀನ್ಯಾದ ಕೆಲ್ವಿನ್ ಕಿಪ್ಟಮ್ 2 ಗಂಟೆ 35 ಸೆಕೆಂಡಿಗೆ ಓಡಿ ವಿಶ್ವದಾಖಲೆ ಮಾಡಿದರು. ಮೊದಲ ಅರ್ಧ 60 ನಿಮಿಷ 48 ಸೆಕೆಂಡ್, ಎರಡನೆಯ ಅರ್ಧ 59 ನಿಮಿಷ 47 ಸೆಕೆಂಡ್. ಮರುವರ್ಷ ಫೆಬ್ರುವರಿಯಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಇಪ್ಪತ್ತನಾಲ್ಕು ವರ್ಷ. ಎರಡನೆಯ ಅರ್ಧವನ್ನು ಮೊದಲರ್ಧಕ್ಕಿಂತ ವೇಗವಾಗಿ ಓಡುವ ಆ ರೀತಿಯನ್ನು ಅಷ್ಟು ಚಿಕ್ಕ ವಯಸ್ಸಿಗೆ ಅವರು ಕರಗತ ಮಾಡಿಕೊಂಡಿದ್ದರು.

ಅಷ್ಟು ದೂರ ಹೋಗದೆ ನಮ್ಮದೇ ಹೆದ್ದಾರಿಯಲ್ಲೂ ಈ ಲೆಕ್ಕ ಗೊತ್ತಿರುವವರನ್ನು ಕಾಣಬಹುದು. ಸೀಗಿ ಹುಣ್ಣಿಮೆಗೆ ತುಳಜಾಪುರದ ಅಂಬಾಭವಾನಿಗೆ ನಡೆದು ಹೋಗುವ ಸಾವಿರಾರು ಮಂದಿ ಹುಮನಾಬಾದ್, ಸಸ್ತಾಪುರ, ಉಮರ್ಗಾದ ಮೇಲಿಂದಲೇ ಹಾಯುತ್ತಾರೆ. ಬಹಳ ಮಂದಿ ಬರಿಗಾಲು. ದಾರಿಯುದ್ದಕ್ಕೂ ಬಾಳೆಹಣ್ಣು, ಚಹಾ, ಉಪ್ಪಿಟ್ಟಿನ ಸೇವೆ. ಪ್ರತಿ ವರ್ಷ ಹೋಗುವ ಒಬ್ಬ ಮುತ್ಯಾ ಹೊಸ ಹುಡುಗರಿಗೆ ಹೇಳುತ್ತಿದ್ದದ್ದನ್ನು ಕೇಳಿದ್ದೇನೆ: ‘ಮೊದಲ ದಿನಾನೇ ಉಮರ್ಗಾ ಮುಟ್ತೀನಂತ ಹಟ ಹಿಡಿಬ್ಯಾಡ್ರಿ ತಮ್ಮಾ. ಹಂಗ ಹೋದವ್ರು ನಾಳಿ ಟೆಂಪೋ ಹತ್ತತಾರ.’ ಎಲ್ಲಿ ಕೂರಬೇಕು, ಎಷ್ಟು ಹೊತ್ತು ಕೂರಬೇಕು, ಬೊಬ್ಬೆ ಬಂದರೆ ಯಾವಾಗ ಒಡೆಯಬಾರದು ಎಲ್ಲವೂ ಅವರಿಗೆ ಗೊತ್ತು. ನಿಲ್ಲದೆ ಓಡಲೇಬೇಕೆಂಬ ಹಟ ಓಟಗಾರರಲ್ಲೂ ಇದೆ. 1972ರ ಒಲಿಂಪಿಕ್ಸ್‌ನಲ್ಲಿ ಓಡಿದ ಜೆಫ್ ಗ್ಯಾಲೊವೇ ಮೊದಲ ಕಿಲೋಮೀಟರಿನಿಂದಲೇ ನಡುನಡುವೆ ನಡೆಯುವ ಪದ್ಧತಿಯನ್ನು ಲಕ್ಷಾಂತರ ಜನರಿಗೆ ಕಲಿಸಿದರು. ನಾಲ್ಕು ನಿಮಿಷ ಓಟ, ಒಂದು ನಿಮಿಷ ನಡಿಗೆ. ದಣಿದ ಮೇಲೆ ನಡೆದರೆ ಮತ್ತೆ ಓಡಲು ಕಾಲು ಏಳುವುದಿಲ್ಲ, ದಣಿಯುವ ಮೊದಲೇ ನಡೆದವನು ಕೊನೆಯಲ್ಲೂ ಓಡುತ್ತಾನೆ. ಐವತ್ತು ದಾಟಿದವರಿಗೆ, ತೂಕ ಹೆಚ್ಚಿರುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ಗಡಿಯಾರದ ಬಗ್ಗೆ ಒಂದು ಎಚ್ಚರಿಕೆ. ಓಟದ ದಾರಿಯನ್ನು ಸೈಕಲ್ಲಿಗೆ ಅಳತೆಯ ಯಂತ್ರ ಕಟ್ಟಿ, ತಿರುವುಗಳ ಅತಿ ಹತ್ತಿರದ ಅಂಚಿನಲ್ಲಿ ಅಳೆದಿರುತ್ತಾರೆ. ಕಡಿಮೆ ಬೀಳದಿರಲೆಂದು ಕಿಲೋಮೀಟರಿಗೆ ಒಂದು ಮೀಟರ್ ಹೆಚ್ಚೇ ಇಡುತ್ತಾರೆ. ಜನರ ನಡುವೆ ಅತ್ತಿತ್ತ ಸರಿದು ಓಡುವ ನಾವು ಅಂಚು ಹಿಡಿಯುವುದಿಲ್ಲ. ಎತ್ತರದ ಕಟ್ಟಡ, ಸೇತುವೆಗಳ ಕೆಳಗೆ ಜಿಪಿಎಸ್ ಕೂಡ ತಪ್ಪುತ್ತದೆ. ಹೀಗಾಗಿ ಕೈಗಡಿಯಾರ ಕೊನೆಗೆ 42.6 ಅಥವಾ 43 ತೋರಿಸಬಹುದು. ಗಡಿಯಾರ 7:06 ತೋರಿಸುತ್ತಿದೆಯೆಂದು ನೆಮ್ಮದಿಯಿಂದ ಓಡಿದವರು 5 ಗಂಟೆಯನ್ನು ಕೆಲವು ನಿಮಿಷಗಳಿಂದ ತಪ್ಪಿಸಿಕೊಳ್ಳುತ್ತಾರೆ. ರಸ್ತೆಯ ಕಿಲೋಮೀಟರ್ ಫಲಕಗಳನ್ನೇ ನಂಬಿ. 8, 16, 24, 32ಕ್ಕೆ ಎಷ್ಟು ಹೊತ್ತಾಗಬೇಕೆಂದು ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡರೆ ಸಾಕು, ಸಾದಾ ಗಡಿಯಾರವೂ ಸಾಕು.

ಹೊಟ್ಟೆ ಮತ್ತು ನೀರು

ತಾಸಿಗೆ 30ರಿಂದ 60 ಗ್ರಾಂ ಶರ್ಕರಪಿಷ್ಟ ಹೊಟ್ಟೆಗೆ ಹೋಗಬೇಕು, ಅದೂ ಹಸಿವಾಗುವ ಮೊದಲು. ಅಂಗಡಿಯ ಜೆಲ್ ಪೊಟ್ಟಣವೊಂದರಲ್ಲಿ ಸುಮಾರು 25 ಗ್ರಾಂ ಇರುತ್ತದೆ, ಒಂದು ಬಾಳೆಹಣ್ಣಿನಲ್ಲೂ ಅಷ್ಟೇ. ಖಜೂರ, ಬೆಲ್ಲದ ಚೂರು ನಡೆಯುತ್ತವೆ. ಶೇಂಗಾ ಚಿಕ್ಕಿಯನ್ನು ಓಟ ಮುಗಿದ ಮೇಲೆ ತಿನ್ನಿ, ಅದರ ಎಣ್ಣೆ ಓಡುವಾಗ ಬೇಗ ಅರಗುವುದಿಲ್ಲ. ಏನೇ ಇರಲಿ, ಜೂನ್ ಜುಲೈ ಭಾನುವಾರಗಳಲ್ಲಿ ತಿಂದು ಒಗ್ಗಿಸಿಕೊಂಡದ್ದನ್ನೇ ಓಟದ ದಿನ ತಿನ್ನಬೇಕು.

ನೀರು ಕಡಿಮೆಯಾದರೆ ಅಪಾಯ ಎಂಬುದು ಎಲ್ಲರಿಗೂ ಗೊತ್ತು. ಹೆಚ್ಚಾದರೂ ಅಪಾಯ ಎಂಬುದು ಗೊತ್ತಿರುವವರು ಕಡಿಮೆ. 2002ರ ಬಾಸ್ಟನ್ ಮ್ಯಾರಥಾನ್ ಓಡಿದ 488 ಮಂದಿಯ ರಕ್ತ ಪರೀಕ್ಷಿಸಿದಾಗ ಶೇ 13ರಷ್ಟು ಜನರಲ್ಲಿ ಸೋಡಿಯಂ ಅಂಶ ಇರಬೇಕಾದ್ದಕ್ಕಿಂತ ಇಳಿದಿತ್ತು. ಓಡುತ್ತಲೇ ತೂಕ ಹೆಚ್ಚಿಸಿಕೊಂಡವರು, ನಾಲ್ಕು ತಾಸಿಗಿಂತ ಹೆಚ್ಚು ಹೊತ್ತು ಓಡಿದವರು ಅವರಲ್ಲಿ ಹೆಚ್ಚು. ಸಾವಕಾಶ ಓಡುವವರಿಗೆ ಪ್ರತಿ ನೀರಿನ ಟೇಬಲ್ಲಿನಲ್ಲೂ ನಿಂತು ಗಟಗಟ ಕುಡಿಯಲು ಪುರುಸೊತ್ತಿರುತ್ತದೆ, ಅಪಾಯ ಇರುವುದು ಅಲ್ಲಿ. ಬಾಯಾರಿದಷ್ಟು ಕುಡಿಯಿರಿ, ಬರೀ ನೀರಿನ ಜೊತೆ ಓಆರ್‌ಎಸ್ ಕೂಡ ಇರಲಿ. ಪೊಟ್ಟಣದ ಮೇಲೆ ಬರೆದಷ್ಟು ನೀರಿಗೇ ಕಲಸಿ, ಲೀಟರಿನ ಪೊಟ್ಟಣವನ್ನು ಗ್ಲಾಸಿಗೆ ಹಾಕಬೇಡಿ. ತರಬೇತಿಯ ದಿನ ಓಟಕ್ಕೆ ಮೊದಲು ಮತ್ತು ನಂತರ ತೂಕ ನೋಡಿಕೊಳ್ಳಿ. ಒಂದು ತಾಸಿನಲ್ಲಿ ಮುಕ್ಕಾಲು ಕಿಲೋ ಇಳಿದರೆ ನಿಮ್ಮ ಬೆವರು ಎಷ್ಟೆಂದು ತಿಳಿಯಿತು. ಇನ್ನು ನೋವಿನ ಗುಳಿಗೆ ನುಂಗಿ ಓಡುವ ಚಟ ನಮ್ಮ ಹುಡುಗರಲ್ಲಿ ಹೆಚ್ಚುತ್ತಿದೆ. ನೀರಿಳಿದ ಮೈಯಲ್ಲಿ ಅಂಥ ಗುಳಿಗೆಗಳು ಕಿಡ್ನಿಗೆ ಹೊಡೆತ ಕೊಡುತ್ತವೆ. ದಯವಿಟ್ಟು ಬೇಡ.

ಕೊನೆಯ ಎರಡು ದಿನ ಜೋಳದ ರೊಟ್ಟಿ, ಪುಂಡಿಪಲ್ಯ, ಕಾಳಿನ ಉಸುಳಿ ಬಿಟ್ಟು ಅನ್ನಕ್ಕೆ ಬನ್ನಿ. ಹದಿನಾರು ವಾರ ನಮ್ಮನ್ನು ಓಡಿಸಿದ್ದು ರೊಟ್ಟಿಯೇ, ಆದರೆ ಅದರ ನಾರು ಓಟದ ಬೆಳಿಗ್ಗೆ ಹೊಟ್ಟೆಯಲ್ಲಿ ಉಳಿದಿರಬಾರದು. ಮೊಸರನ್ನ, ಬಾಳೆಹಣ್ಣು, ಸಾದಾ ತಿಳಿಸಾರು. ಹೈದರಾಬಾದ್ ತಲುಪಿದ ಸಂಜೆ ಬಿರಿಯಾನಿಗೆ ಹೋಗುವವರನ್ನು ತಡೆಯುವುದು ಕಷ್ಟ, ಅದನ್ನು ಭಾನುವಾರ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ.

ಎದೆಗೆ ಸಿಕ್ಕಿಸುವ ಬಿಬ್ ನಂಬರನ್ನು ಓಟದ ದಿನ ಕೊಡುವುದಿಲ್ಲ, ಮೊದಲೇ ಹೋಗಿ ತೆಗೆದುಕೊಳ್ಳಬೇಕು. ಆದ್ದರಿಂದ ಶನಿವಾರ ಬೆಳಗಿನ ಬಸ್ಸಿಗೇ ಹುಮನಾಬಾದಿನಿಂದ ಹೊರಡಿ. ಚೀಲದಲ್ಲಿ ನಾಲ್ಕು ಪಿನ್ನು, ವ್ಯಾಸಲೀನ್, ಪಟ್ಟಿ, ಹಳೆಯ ಅಂಗಿ, ಮಳೆ ಬಂದರೆ ಹೊದೆಯಲು ಪ್ಲಾಸ್ಟಿಕ್ ಹಾಳೆ, ಓಟದ ನಂತರ ಹಾಕಲು ಸಡಿಲ ಚಪ್ಪಲಿ. ಶುಕ್ರವಾರ ರಾತ್ರಿ ಚೆನ್ನಾಗಿ ಮಲಗಿ, ಶನಿವಾರ ರಾತ್ರಿ ನಿದ್ದೆ ಬರದಿದ್ದರೆ ಚಿಂತೆ ಬೇಡ. ಓಟ ಶುರುವಾಗುವ ಎರಡೂವರೆ ತಾಸು ಮೊದಲು ಎದ್ದು ಬಾಳೆಹಣ್ಣು, ಬ್ರೆಡ್ಡು ತಿಂದಿರಬೇಕು. ಸಾಲಿನಲ್ಲಿ ನಿಮ್ಮ ವೇಗದವರ ಜೊತೆ, ಸಾಕಷ್ಟು ಹಿಂದೆ ನಿಲ್ಲಿ.

ಗಚ್ಚಿಬೌಲಿಯಲ್ಲಿ ಗೆರೆ ದಾಟಿದ ಕೂಡಲೇ ಕೂರಬೇಡಿ, ಹತ್ತು ನಿಮಿಷ ನಡೆಯಿರಿ, ಅರ್ಧ ತಾಸಿನೊಳಗೆ ಏನಾದರೂ ತಿನ್ನಿ. ಊರಿನ ಬಸ್ಸಿನಲ್ಲಿ ಕಾಲು ಚಾಚಲು ಬರುವ ಸೀಟು ಹಿಡಿಯಿರಿ. ನಾಲ್ಕು ತಾಸು ಒಂದೇ ಸಮ ಕೂತರೆ ಇಳಿಯುವಾಗ ಮೊಣಕಾಲು ಬಗ್ಗುವುದಿಲ್ಲ, ಜಹೀರಾಬಾದಿನಲ್ಲಿ ಬಸ್ಸು ನಿಂತಾಗ ಕೆಳಗಿಳಿದು ಐದು ನಿಮಿಷ ಅಡ್ಡಾಡಿ. ಮುಂದಿನ ಒಂದು ವಾರ ಓಟ ಬೇಡ, ಸಂಜೆ ನಡಿಗೆ ಸಾಕು. ಎರಡನೆಯ ವಾರ ಮಾಣಿಕನಗರದ ತನಕ ಸಾವಕಾಶ ಓಡಿ ನೋಡಿ. ನೋವಿದ್ದರೆ ತಿರುಗಿ ನಡೆದು ಬನ್ನಿ.